ಸೂಜಿಗಲ್ಲಿಗೆ ಚಿನ್ನ ಕಾಣುವುದಿಲ್ಲ

ಹಾವೇರಿಯಿಂದ ಬ್ಯಾಡಗಿ, ಅಲ್ಲಿಂದ ರಾಣೆಬೆನ್ನೂರಿನವರೆಗೆ ಹೊಲಗಳನ್ನು ಹಾಯ್ದು ಹೋದರೆ ಕಣ್ಣಿಗೆ ಬೀಳುವುದು ಮಣ್ಣೇ ಹೊರತು ಕಲ್ಲಲ್ಲ. ಮೆಣಸಿನ ಗಿಡ, ಹತ್ತಿ, ಗೋವಿನಜೋಳ. ನಡುನಡುವೆ ಅಲ್ಲೊಂದು ಇಲ್ಲೊಂದು ಮರಡಿ. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟಾಗ ಆ ಬಿರುಕಿನಲ್ಲಿ ಮೊಣಕೈವರೆಗೆ ಕೈ ಇಳಿಸಿದರೂ ತಾಗುವುದು ಮಣ್ಣೇ. ಬಾವಿ ತೋಡಿದಾಗಲೋ, ಕೊಳವೆಬಾವಿಯ ಯಂತ್ರ ಕಲ್ಲಿನ ಪುಡಿಯನ್ನು ಉಗುಳಿದಾಗಲೋ ಮಾತ್ರ ಕೆಳಗಿನ ಬಂಡೆಯ ಸುಳಿವು ಸಿಗುತ್ತದೆ. ರೈತನಿಗೆ ಇದು ಒಳ್ಳೆಯ ಸೀಮೆ. ಭೂವಿಜ್ಞಾನಿಗೆ ಮಾತ್ರ ಫಜೀತಿಯ ಸೀಮೆ.

ಮಣ್ಣಿನಡಿಯ ಆ ಬಂಡೆಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹೆಚ್ಚು. ಅಂದಿನ ಕಡಲ ತಳದಲ್ಲಿ ಕೆಸರು, ಮರಳು, ಜ್ವಾಲಾಮುಖಿಯ ಬೂದಿ ಪದರ ಪದರವಾಗಿ ಕೂತು, ಆಮೇಲೆ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡು, ಬಿಸಿಗೆ ಬೆಂದು ಗಟ್ಟಿಯಾದವು. ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರಿಟ್ಟರು. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ‘ಧಾರವಾಡ’ ಎಂದರೆ ಪೇಡೆಯಲ್ಲ, ಸಂಗೀತವಲ್ಲ, ಈ ಕಲ್ಲು. ರಾಣೆಬೆನ್ನೂರಿಗೂ ಅದರಲ್ಲಿ ಪಾಲಿದೆ. ಗ್ರೇವ್ಯಾಕ್ ಎಂಬ ಬೂದುಬಣ್ಣದ ಗಡುಸು ಮರಳುಗಲ್ಲಿನ ಒಂದು ದೊಡ್ಡ ಸಮೂಹವನ್ನು ಅವರು ರಾಣೆಬೆನ್ನೂರಿನ ಹೆಸರಿನಿಂದಲೇ ಕರೆಯುತ್ತಾರೆ.

ಈ ಕಲ್ಲುಗಳಲ್ಲಿ ಚಿನ್ನ ಇದೆಯೆಂಬುದು ಫೂಟ್ ಬರುವ ಮೊದಲೇ ಇಲ್ಲಿನ ಜನಕ್ಕೆ ಗೊತ್ತಿತ್ತು. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿ ಕಲ್ಲು ಬೇರ್ಪಡಿಸುವ ಹಾಗೆ, ಹಳ್ಳದ ಮರಳನ್ನು ಜಾಲಿಸಿ ಚಿನ್ನದ ಕಣ ಹೆಕ್ಕುತ್ತಿದ್ದವರು ಜಾಲಗಾರರು. ಇಂದು ಗದಗ ಜಿಲ್ಲೆಗೆ ಸೇರಿರುವ ಕಪ್ಪತಗುಡ್ಡದ ಸುತ್ತಲಿನ ಹಳ್ಳಗಳು ಅವರ ಜಾಗ. ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆ ಫೂಟ್ 1874ರಲ್ಲಿಯೇ ವರದಿ ಬರೆದರು. ಗುಡ್ಡ ಇದ್ದಲ್ಲಿ ಕಲ್ಲು ಕಾಣುತ್ತದೆ, ಹಳ್ಳ ಹರಿದಲ್ಲಿ ಕಣ ಸಿಗುತ್ತದೆ. ಆದರೆ ಅಂಥದೇ ಶಿಲೆಗಳು ಹಾವೇರಿಯ ಎರೆಮಣ್ಣಿನಡಿ ಮುಳುಗಿರುವ ಕಡೆ? ಅಲ್ಲಿ ಜಾಲಗಾರನ ಮರಿಗೆಯೂ ಸೋತಿತು, ಭೂವಿಜ್ಞಾನಿಯ ಸುತ್ತಿಗೆಯೂ ಸೋತಿತು.

ಸಾಲದ್ದಕ್ಕೆ ನಡುವೆ ರಾಜಕೀಯದ ಗೆರೆ ಬೇರೆ. 1956ರವರೆಗೆ ತುಂಗಭದ್ರೆಯ ಆಚೆ ದಂಡೆಯ ಹರಿಹರ ಮೈಸೂರಿನದು, ಈಚೆ ದಂಡೆಯ ರಾಣೆಬೆನ್ನೂರು ಮುಂಬಯಿಯದು. 1894ರಲ್ಲಿ ಹುಟ್ಟಿದ ಮೈಸೂರು ಭೂವಿಜ್ಞಾನ ಇಲಾಖೆಯ ಕೆಲಸ ಸಂಸ್ಥಾನದ ಗಡಿಗೆ ನಿಂತಿತು. ಕಲ್ಲಿಗೆ ಗಡಿ ಗೊತ್ತಿಲ್ಲ. ಶಿವಮೊಗ್ಗದ ಕಡೆಯಿಂದ ಬಂದ ಶಿಲಾಪಟ್ಟಿ ಹೊಳೆ ದಾಟಿ ಧಾರವಾಡದತ್ತ ಸಾಗುತ್ತದೆ. ಮಣ್ಣನ್ನೂ ಹೊಳೆಯನ್ನೂ ಲೆಕ್ಕಿಸದೆ ಅದರ ಜಾಡು ಹಿಡಿಯುವುದು ಹೇಗೆ?

ದಾರಿ ತಪ್ಪುವ ಸೂಜಿ

ಉತ್ತರ ಸಿಕ್ಕಿದ್ದು ಸೂಜಿಗಲ್ಲಿನಲ್ಲಿ. ಭೂಮಿಯೇ ಒಂದು ದೊಡ್ಡ ಅಯಸ್ಕಾಂತ. ಅದರ ಸೆಳೆತಕ್ಕೆ ದಿಕ್ಸೂಚಿಯ ಸೂಜಿ ಉತ್ತರಕ್ಕೆ ತಿರುಗುತ್ತದೆ. ಹತ್ತಿರದಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜವಿರುವ ಬಂಡೆ ಇದ್ದರೆ ಅದು ಸೂಜಿಯನ್ನು ತನ್ನ ಕಡೆಗೆ ಸ್ವಲ್ಪ ಎಳೆಯುತ್ತದೆ. ಮೋಜಣಿದಾರನಿಗೆ ಇದು ತಲೆನೋವು. ಗಣಿ ಹುಡುಕುವವನಿಗೆ ಇದೇ ಸುಳಿವು. ಸ್ವೀಡನ್ನಿನ ಗಣಿಗಾರರು ದಿಕ್ಸೂಚಿ ಹಿಡಿದು ಕಬ್ಬಿಣದ ಅದಿರು ಹುಡುಕಲು ಆರಂಭಿಸಿ ಮುನ್ನೂರು ವರ್ಷಗಳ ಮೇಲಾಯಿತು.

ಇದನ್ನು ವಿಮಾನಕ್ಕೆ ಏರಿಸಿದ್ದು ಎರಡನೆಯ ಮಹಾಯುದ್ಧ. ನೀರಿನಡಿ ಅವಿತ ಜಲಾಂತರ್ಗಾಮಿಯ ಉಕ್ಕಿನ ಒಡಲನ್ನು ಮೇಲಿನಿಂದಲೇ ಪತ್ತೆ ಹಚ್ಚಲು ಅಮೆರಿಕದಲ್ಲಿ ಸೂಕ್ಷ್ಮವಾದ ಅಯಸ್ಕಾಂತಮಾಪಕ ತಯಾರಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಅದೇ ಉಪಕರಣ ನೆಲದ ಮೇಲೆ ಹಾರಿ ಕಲ್ಲು ಹುಡುಕತೊಡಗಿತ್ತು. ಭಾರತದಲ್ಲಿ 1967ರ ‘ಆಪರೇಷನ್ ಹಾರ್ಡ್ ರಾಕ್’ ಅಮೆರಿಕದ ನೆರವಿನಿಂದ ರಾಜಸ್ಥಾನ, ಬಿಹಾರ, ಆಂಧ್ರಗಳ ಕೆಲವು ಭಾಗಗಳ ಮೇಲೆ ಹಾರಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ವೈಮಾನಿಕ ಸಮೀಕ್ಷೆಯ ವಿಭಾಗಕ್ಕೆ ಬೆಂಗಳೂರೇ ಕೇಂದ್ರವಾಯಿತು.

ಕೆಲಸದ ರೀತಿ ರೈತನಿಗೆ ಹೊಸದೇನಲ್ಲ. ಕೂರಿಗೆ ಹೂಡಿದ ಎತ್ತು ಹೊಲದ ಈ ಬದುವಿನಿಂದ ಆ ಬದುವಿಗೆ ಹೋಗಿ, ತಿರುಗಿ, ಪಕ್ಕದ ಸಾಲಿನಲ್ಲಿ ವಾಪಸು ಬರುವಂತೆ ವಿಮಾನವೂ ಹೋಗಿ ಬರುತ್ತದೆ. ಸಾಲುಗಳು ಸಾಧ್ಯವಾದಷ್ಟು ಶಿಲಾಪಟ್ಟಿಯನ್ನು ಅಡ್ಡ ಹಾಯಬೇಕು. ಮಾಪಕ ಇರುವುದು ಬಾಲದ ಹಿಂದೆ ಚಾಚಿದ ಉದ್ದನೆಯ ಕೋಲಿನ ತುದಿಯಲ್ಲಿ, ಏಕೆಂದರೆ ವಿಮಾನದ ಎಂಜಿನೂ ಕಬ್ಬಿಣವೇ. ಈ ಸೀಮೆಯಲ್ಲಿ ಭೂಮಿಯ ಕಾಂತಬಲ ಸುಮಾರು 40 ಸಾವಿರ ನ್ಯಾನೊಟೆಸ್ಲಾ. ಹುಡುಕುವ ವ್ಯತ್ಯಾಸ ಕೆಲವು ಕಡೆ ನೂರಾರು, ಕೆಲವು ಕಡೆ ಹತ್ತಕ್ಕೂ ಕಡಿಮೆ. ಸೂರ್ಯನ ಪ್ರಭಾವದಿಂದ ಹಗಲಿಡೀ ಈ ಕಾಂತಬಲ ತಾನೇ ಹತ್ತಾರು ನ್ಯಾನೊಟೆಸ್ಲಾ ಏರಿಳಿಯುತ್ತದೆ. ಹಾಗಾಗಿ ನೆಲದ ಮೇಲೆ, ತಂತಿ, ತಗಡು, ವಾಹನ ಯಾವುದೂ ಹತ್ತಿರವಿಲ್ಲದ ಜಾಗದಲ್ಲಿ ಇನ್ನೊಂದು ಮಾಪಕ ಇಟ್ಟು, ಆ ಏರಿಳಿತವನ್ನು ಲೆಕ್ಕದಿಂದ ಕಳೆಯುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ಶೈತ್ಯಾಗಾರಗಳ ಕಬ್ಬಿಣ, ಹುಬ್ಬಳ್ಳಿ-ಬೆಂಗಳೂರು ರೈಲು ಹಳಿ, ವಿದ್ಯುತ್ ಗೋಪುರಗಳು ಎಲ್ಲವೂ ಮಾಪಕದಲ್ಲಿ ದಾಖಲಾಗುತ್ತವೆ. ಅವನ್ನೂ ಗುರುತಿಸಿ ಬದಿಗಿಡಬೇಕು. ಇಲ್ಲದಿದ್ದರೆ ಉಗ್ರಾಣದ ಕೆಳಗೇ ಅದಿರು ಇದೆಯೆಂದು ತೀರ್ಮಾನವಾದೀತು!

ಸಾಲಿನ ಅಂತರವೂ ಹಾರುವ ಎತ್ತರವೂ ಬಹಳ ಮುಖ್ಯ. 1980ರ ದಶಕದಲ್ಲಿ ದಕ್ಷಿಣ ಭಾರತದ ಮೇಲೆ ನಡೆದ ಸಮೀಕ್ಷೆಯಲ್ಲಿ ಸಾಲುಗಳ ನಡುವೆ ಸುಮಾರು 4 ಕಿಲೋಮೀಟರ್ ಅಂತರವಿತ್ತು. ಹಾವೇರಿಯಿಂದ ಬ್ಯಾಡಗಿಗೆ ನೇರ ದೂರ 15 ಕಿಲೋಮೀಟರ್ ಆಸುಪಾಸು. ಅಂದರೆ ಅಷ್ಟು ಅಗಲಕ್ಕೆ ನಾಲ್ಕೇ ಸಾಲು. ಇಡೀ ನಾಡಿನ ತಳಪಾಯ ತಿಳಿಯಲು ಅದು ಸಾಕು, ಒಂದು ಊರಿನ ಗಣಿ ಹುಡುಕಲು ಸಾಲದು. ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ 2017ರ ಏಪ್ರಿಲ್‌ನಲ್ಲಿ ದೇಶದ ಖನಿಜಸಾಧ್ಯತೆಯ ಪ್ರದೇಶಗಳ ಮೇಲೆ ಆರಂಭಿಸಿದ ಹೊಸ ಸಮೀಕ್ಷೆಯ ಸಾಲುಗಳಿಗೆ 300 ಮೀಟರ್ ಅಂತರ, ನೆಲದಿಂದ 80 ಮೀಟರ್ ಎತ್ತರ ಎಂದು ನಿಗದಿಯಾಯಿತು. ಮುರುಡೇಶ್ವರದ ರಾಜಗೋಪುರಕ್ಕಿಂತ ತುಸುವೇ ಮೇಲೆ ಎನ್ನಿ. ಇಷ್ಟು ತಗ್ಗಿನಲ್ಲಿ ಹಾರಲು ಕಾರಣವಿದೆ. ಸಣ್ಣ ಕಾಂತಶಿಲೆಯಿಂದ ಇರುವ ದೂರ ಎರಡು ಪಟ್ಟಾದರೆ ಅದರ ಪ್ರಭಾವ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ.

ಬಣ್ಣವೇ ಬೇರೆ, ಖಾರವೇ ಬೇರೆ

ಈ ಅಂಕಿಗಳನ್ನೆಲ್ಲ ಗಣಕಯಂತ್ರಕ್ಕೆ ಕೊಟ್ಟರೆ ಬಣ್ಣಬಣ್ಣದ ನಕ್ಷೆಯೊಂದು ಹೊರಬರುತ್ತದೆ. ಬಲ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ನೀಲಿ. ಕೆಂಪು ಕಂಡಲ್ಲೆಲ್ಲ ಸಂಪತ್ತು ಎಂದುಕೊಳ್ಳುವವರು ಬ್ಯಾಡಗಿಯ ಪೇಟೆಯಲ್ಲಿ ಒಂದು ದಿನ ಕಳೆಯಬೇಕು. ಅಲ್ಲಿಯ ಮೆಣಸಿನಕಾಯಿಗೆ ಬಣ್ಣ ಕಡುಗೆಂಪು, ಖಾರ ಕಡಿಮೆ. ಬಣ್ಣ ನೋಡಿ ಖಾರ ಹೇಳಲಾಗದು ಎಂಬುದು ಅಲ್ಲಿನ ಹಮಾಲರಿಗೂ ಗೊತ್ತು.

ನಕ್ಷೆಯ ಕೆಂಪೂ ಹಾಗೆಯೇ. ಈ ಸೀಮೆಯಲ್ಲಂತೂ ಅದು ಇನ್ನಷ್ಟು ದಾರಿ ತಪ್ಪಿಸುತ್ತದೆ. ಸೂಜಿಯ ನಡುವಿಗೆ ದಾರ ಕಟ್ಟಿ ತೂಗಬಿಟ್ಟರೆ ಉತ್ತರ ಕೆನಡಾದಲ್ಲಿ ಅದು ನೆಟ್ಟಗೆ ನೆಲದ ಕಡೆಗೆ ಇಳಿಯುತ್ತದೆ. ಹಾವೇರಿಯಲ್ಲಿ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುತ್ತದೆ, ಉತ್ತರದ ತುದಿ ಸ್ವಲ್ಪವೇ ಕೆಳಗೆ. ಕಾಂತರೇಖೆಗಳು ಹೀಗೆ ಮಲಗಿರುವುದರಿಂದ ಕಬ್ಬಿಣದ ಬಂಡೆಯ ನೆತ್ತಿಯ ಮೇಲೆ ಬಲ ಏರುವ ಬದಲು ತಗ್ಗುತ್ತದೆ. ಕೆನಡಾದಲ್ಲಿ ಕೆಂಪಾಗಿ ಕಾಣುವ ಕಲ್ಲು ಇಲ್ಲಿ ನೀಲಿ! ಇನ್ನೊಂದು ತೊಡಕೂ ಇದೆ. ಉತ್ತರ-ದಕ್ಷಿಣವಾಗಿ ಚಾಚಿದ ಬಂಡೆ ಉದ್ದಕ್ಕೂ ಮಂಕಾಗಿಯೇ ಇದ್ದು, ತುದಿಯಲ್ಲಿ, ತಿರುವಿನಲ್ಲಿ, ಮುರಿದ ಜಾಗದಲ್ಲಿ ಮಾತ್ರ ಎದ್ದು ಕಾಣುತ್ತದೆ. ಪೂರ್ವ-ಪಶ್ಚಿಮವಾಗಿ ನುಗ್ಗಿದ ಕರಿಕಲ್ಲಿನ ಗೋಡೆ ಮಾತ್ರ ಗೆರೆ ಎಳೆದಂತೆ ಸ್ಪಷ್ಟ. ಧಾರವಾಡದ ಶಿಲಾಪಟ್ಟಿಗಳು ಬಹುಮಟ್ಟಿಗೆ ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ ಸಾಗುತ್ತವೆ. ಆದ್ದರಿಂದ ಹೊರದೇಶದ ಪಠ್ಯವನ್ನು ಇಲ್ಲಿಗೆ ಹಾಗೇ ತಂದು ಹಚ್ಚಿದರೆ ಮುಖ್ಯವಾದದ್ದೇ ಮಂಕಾಗಿ, ಗೌಣವಾದದ್ದು ಮೆರೆಯುತ್ತದೆ. ಇದನ್ನು ಸರಿಪಡಿಸಲು ಗಣಿತದ ಉಪಾಯಗಳಿವೆ. ಆದರೂ ಕೊನೆಯ ಮಾತು ಹೇಳಬೇಕಾದವರು ಆ ನೆಲ ತುಳಿದವರೇ.

ಇದಕ್ಕಿಂತ ದೊಡ್ಡ ಸಂಗತಿ ಎಂದರೆ, ಚಿನ್ನವನ್ನು ಸೂಜಿಗಲ್ಲು ಹಿಡಿಯುವುದೇ ಇಲ್ಲ. ಯಾವ ವಿಮಾನಕ್ಕೂ, ಎಷ್ಟು ತಗ್ಗಿನಲ್ಲಿ ಹಾರಿದರೂ, ಅಯಸ್ಕಾಂತಮಾಪಕದಿಂದ ಚಿನ್ನ ಕಾಣದು. ಹಾಗಾದರೆ ಹಾರುವುದೇಕೆ?

ಚಿನ್ನಕ್ಕೆ ಜೊತೆಗಾರರಿದ್ದಾರೆ. ನೆಲದಾಳದಿಂದ ಮೇಲೇರಿದ ಬಿಸಿನೀರಿನಲ್ಲಿ ಗಂಧಕದ ಜೊತೆಗೂಡಿ ಚಿನ್ನ ಕರಗಿರುತ್ತದೆ. ಬಂಡೆ ಮುರಿದ, ಮಡಿಚಿದ ಸಂದುಗಳೇ ಆ ನೀರಿಗೆ ದಾರಿ. ದಾರಿಯಲ್ಲಿ ಕಬ್ಬಿಣ ತುಂಬಿದ ಕಲ್ಲು ಎದುರಾದರೆ ಗಂಧಕ ಕಬ್ಬಿಣವನ್ನು ಹಿಡಿದುಕೊಂಡು ಪೈರೈಟ್ ಆಗುತ್ತದೆ. ಜೊತೆ ತಪ್ಪಿದ ಚಿನ್ನ ಅಲ್ಲೇ ಕೂರುತ್ತದೆ. ಹಾವೇರಿ ತಾಲ್ಲೂಕಿನ ಗಣಜೂರಿನಲ್ಲಿ ಚಿನ್ನ ಸಿಕ್ಕಿರುವುದು ಇಂಥ ಕಡೆಯೇ: ಗ್ರೇವ್ಯಾಕ್ ನಡುವಿನ ಪಟ್ಟೆ ಕಬ್ಬಿಣಶಿಲೆಯಲ್ಲಿ, ಪೈರೈಟ್ ಮತ್ತು ಆರ್ಸೆನೊಪೈರೈಟ್ ಜೊತೆಗೆ. ಸುತ್ತಲಿನ ಗ್ರೇವ್ಯಾಕ್ ಮಾಪಕಕ್ಕೆ ಬಹುಮಟ್ಟಿಗೆ ಸಪ್ಪೆ. ಮ್ಯಾಗ್ನಟೈಟ್ ಇರುವ ಕಬ್ಬಿಣಶಿಲೆಯ ಪಟ್ಟೆ ಎಲ್ಲಿ ಹೋಗುತ್ತದೆ, ಎಲ್ಲಿ ಬಾಗುತ್ತದೆ, ಎಲ್ಲಿ ತುಂಡಾಗುತ್ತದೆ ಎಂಬುದನ್ನು ಮಾಪಕ ತೋರಿಸಬಲ್ಲದು. ಇನ್ನೂ ಸ್ವಾರಸ್ಯದ ಮಾತೆಂದರೆ, ಕಾಂತಗುಣದ ಮ್ಯಾಗ್ನಟೈಟ್ ಪೈರೈಟಾಗಿ ಮಾರ್ಪಟ್ಟಾಗ ಆ ಗುಣ ಹೋಗುತ್ತದೆ. ಹೀಗಾಗಿ ಪಟ್ಟೆಯ ಗುರುತು ಎದ್ದು ಕಾಣುವ ಕಡೆಗಿಂತ, ಅದು ಇದ್ದಕ್ಕಿದ್ದಂತೆ ಮಾಸಿದ ಕಡೆಯೇ ಕೆಲವೊಮ್ಮೆ ನೋಡಬೇಕಾದ ಜಾಗ.

ಅಷ್ಟಾದರೂ ಅದು ಊಹೆ ಮಾತ್ರ. ಪಟ್ಟೆ ಮಾಸಲು ಹತ್ತು ಕಾರಣಗಳಿರಬಹುದು. ಮುಂದೆ ಮಣ್ಣಿನ ಮಾದರಿ ತೆಗೆಯಬೇಕು, ಕಂದಕ ತೋಡಬೇಕು, ಯಂತ್ರ ಇಳಿಸಿ ಕಲ್ಲಿನ ಉದ್ದನೆಯ ಕೋಲುಗಳನ್ನು ಹೊರತೆಗೆಯಬೇಕು. ಒಂದು ಟನ್ ಕಲ್ಲಿಗೆ ನಾಲ್ಕಾರು ಗ್ರಾಂ ಚಿನ್ನ ಸಿಕ್ಕರೆ ಅದೇ ಒಳ್ಳೆಯ ಅದಿರು. ವಿಮಾನದ ನಕ್ಷೆಯಲ್ಲಿ ಕಂಡ ನೂರು ಗುರುತುಗಳಲ್ಲಿ ಬಹುಪಾಲು ಗಣಿಯಾಗುವುದಿಲ್ಲ. ಸಮೀಕ್ಷೆಯ ಲಾಭ ಇರುವುದು ಹುಡುಕಬೇಕಾದ ಜಾಗವನ್ನು ಕಿರಿದು ಮಾಡುವುದರಲ್ಲಿ.

ನಕ್ಷೆ ಯಾರ ಕೈಯಲ್ಲಿ?

ಹಾವೇರಿಯಂಥ ಸೀಮೆಯಲ್ಲಿ ಈ ವ್ಯತ್ಯಾಸ ತಿಳಿದಿರುವುದು ಬರೀ ವಿದ್ಯೆಯ ಮಾತಲ್ಲ. ‘ನಿಮ್ಮೂರಿನ ಕೆಳಗೆ ಚಿನ್ನ ಇದೆಯಂತೆ’ ಎಂಬ ಒಂದೇ ಮಾತಿಗೆ ಹೊಲದ ಬೆಲೆ ಏರಬಹುದು, ಇಳಿಯಬಹುದು. ಮಧ್ಯವರ್ತಿ ಬಾಗಿಲಿಗೆ ಬರಬಹುದು. ನೆಲದ ಮೇಲಿನ ಹಕ್ಕು ರೈತನದು. ನೆಲದಡಿಯ ಖನಿಜವನ್ನು ಗುತ್ತಿಗೆಗೆ ಕೊಡುವುದು ಮಾತ್ರ ಸರ್ಕಾರ.

ಕಾನೂನೂ ನಿಂತಲ್ಲಿ ನಿಂತಿಲ್ಲ. ಗಣಜೂರಿನಲ್ಲಿ ಡೆಕ್ಕನ್ ಗೋಲ್ಡ್ ಮೈನ್ಸ್ ಕಂಪನಿ ವರ್ಷಗಟ್ಟಲೆ ಶೋಧ ನಡೆಸಿ ಗಣಿ ಗುತ್ತಿಗೆಗೆ ಅರ್ಜಿ ಹಾಕಿತ್ತು. 2015ರ ತಿದ್ದುಪಡಿ ಗಣಿಗಳನ್ನು ಹರಾಜಿನ ಮೂಲಕವೇ ಕೊಡಬೇಕೆಂದಿತು. ಅದಕ್ಕೂ ಮೊದಲು ಶೋಧಿಸಿದವರಿಗೆ ಉಳಿದಿದ್ದ ಬಾಕಿ ಹಕ್ಕುಗಳನ್ನು 2021ರ ತಿದ್ದುಪಡಿ ಕೊನೆಗೊಳಿಸಿತು. 2023ರಲ್ಲಿ ಚಿನ್ನವೂ ಸೇರಿ 29 ಖನಿಜಗಳಿಗೆ ಶೋಧನೆಯ ಹೊಸ ಪರವಾನಗಿ ಬಂತು. ಹೀಗೆ ಆಟದ ನಿಯಮ ಎಂಟೇ ವರ್ಷಗಳಲ್ಲಿ ಮೂರು ಸಲ ಬದಲಾಯಿತು. ಬದಲಾಗದೆ ಉಳಿದದ್ದು ಕಲ್ಲು, ಮತ್ತು ಅದರ ಮೇಲಿನ ಹೊಲ.

ಒಂದು ಒಳ್ಳೆಯ ಬೆಳವಣಿಗೆಯೂ ಆಗಿದೆ. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಗಣಿ ಸಚಿವಾಲಯ ದೇಶದ ಭೂವೈಜ್ಞಾನಿಕ ದತ್ತಾಂಶಗಳ ರಾಷ್ಟ್ರೀಯ ಭಂಡಾರವೊಂದನ್ನು ಅಂತರಜಾಲದಲ್ಲಿ ತೆರೆಯಿತು. ಹರಾಜಿಗೆ ಬರುವ ಕಂಪನಿಯ ತಜ್ಞರಿಗೆ ಇಂಥ ನಕ್ಷೆಗಳನ್ನು ಓದುವುದು ಬರುತ್ತದೆ. ಗ್ರಾಮಸಭೆಯಲ್ಲಿ ಕೂತವರಿಗೂ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು. ಏಕೆಂದರೆ ಅಪಾಯದ ಲೆಕ್ಕವೂ ಅದರೊಳಗಿದೆ. ಆರ್ಸೆನೊಪೈರೈಟ್ ಎಂಬ ಹೆಸರಿನಲ್ಲೇ ಆರ್ಸೆನಿಕ್ ಇದೆ. ಅಂಥ ಅದಿರನ್ನು ಅರೆದು ಉಳಿಯುವ ಪುಡಿ ವರದಾ ನದಿಯ ಸೀಮೆಯಲ್ಲಿ ಎಲ್ಲಿ ಕೂರುತ್ತದೆ ಎಂಬುದನ್ನು ಗಣಿ ತೆರೆಯುವ ಮೊದಲೇ ಕೇಳಬೇಕು.

ಲಾಭದ ಲೆಕ್ಕವೂ ಇದೆ, ಅದು ಚಿನ್ನದ್ದೇ ಆಗಬೇಕಿಲ್ಲ. ಮಾಪಕದಲ್ಲಿ ಸ್ಪಷ್ಟವಾಗಿ ಕಾಣುವ ಕರಿಕಲ್ಲಿನ ಗೋಡೆಗಳು ಅಂತರ್ಜಲಕ್ಕೆ ಕೆಲವೆಡೆ ಒಡ್ಡು, ಕೆಲವೆಡೆ ದಾರಿ. ತುಮಕೂರು ಜಿಲ್ಲೆಯ ಅಂಕಸಂದ್ರದಲ್ಲಿ ಕೆಲವು ವರ್ಷಗಳ ಹಿಂದೆ ಹೆಲಿಕಾಪ್ಟರಿನಿಂದ ಉಪಕರಣ ತೂಗಿಬಿಟ್ಟು ಅಂತರ್ಜಲದ ನೆಲೆ ಗುರುತಿಸುವ ಪ್ರಯೋಗ ನಡೆದಿದೆ. ಕೊಳವೆಬಾವಿ ಮೇಲೆ ಕೊಳವೆಬಾವಿ ಕೊರೆಸಿ ಸಾಲ ಮಾಡಿಕೊಂಡ ರೈತನಿಗೆ ಈ ವಿದ್ಯೆಯಿಂದ ಮೊದಲು ಸಿಗಬೇಕಾದದ್ದು ನೀರಿನ ಸುಳಿವು.

ಇನ್ನು ಚಿನ್ನದ ಮಾತು. ಬಣ್ಣದ ನಕ್ಷೆ ಹಿಡಿದು ಯಾರಾದರೂ ಊರಿಗೆ ಬಂದರೆ ಹೆದರಬೇಕಿಲ್ಲ, ಹಿಗ್ಗಬೇಕಿಲ್ಲ. ಕೇಳಬೇಕಾದ ಪ್ರಶ್ನೆಗಳು ಮೂರೇ. ಸಾಲುಗಳ ಅಂತರ ಎಷ್ಟು? ಹಾರಿದ ಮೇಲೆ ನೆಲಕ್ಕೆ ಬಂದು ನೋಡಿದಿರಾ? ನೋಡಿ ಎಷ್ಟು ಕಡೆ ಕೊರೆದಿರಿ?