ಹಾವಿಗೆ ಪ್ರಶಸ್ತಿ, ರಕ್ತಪಿಪಾಸುವಿಗೆ ಬೈಗುಳ

ರಕ್ತ ಹೀರುವವರು, ಮಾಟಗಾತಿಯರು, ಪುರಾಣದ ದೇವತೆಗಳು ಒಂದೇ ಪ್ರೇಮಕಥೆಯಲ್ಲಿ ಕೂಡುವ ಕಾದಂಬರಿಗಳಿಗೆ ಒಂದು ಸಂಚಿಕೆ ಮೀಸಲಿಡುತ್ತೇವೆ ಎಂದದ್ದೇ ತಡ, ಬೈಗುಳ ಶುರುವಾಯಿತು. ವಿಮರ್ಶಕರಿಗೆ ಇದು ಬಸ್ ನಿಲ್ದಾಣದ ಪುಸ್ತಕ, ವಿಚಾರವಾದಿಗಳಿಗೆ ಮೂಢನಂಬಿಕೆಯ ಪ್ರಚಾರ. ಚಿಕ್ಕೋಡಿ, ಅಥಣಿ ಕಡೆಯವರಿಗೆ ಬರೆಯಲು ಕಬ್ಬಿನ ಬಾಕಿ ಇದೆ, ಗಡಿ ತಂಟೆ ಇದೆ, ಇದೇಕೆ ಬೇಕಿತ್ತು ಎಂದು ಹಿರಿಯರೊಬ್ಬರು ಕೇಳಿದ್ದಾರೆ. ಅವನ್ನೂ ಬರೆದಿದ್ದೇವೆ, ಮುಂದೆಯೂ ಬರೆಯುತ್ತೇವೆ. ಆದರೆ ಗಡಿಭಾಗದವರು ಗೋಳನ್ನಷ್ಟೇ ಬರೆಯಬೇಕೆಂಬ ಅಪ್ಪಣೆಗೆ ನಾವು ತಲೆಬಾಗುವುದಿಲ್ಲ.

ಮೊದಲು ವಿಮರ್ಶಕರ ಮಾತು. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ (1988) ಇರುವುದೇನು? ಗಂಡನ ಒಲವಿಗಾಗಿ ರಾಣಿ ಎಂಬಾಕೆಗೆ ಕುರುಡವ್ವ ಬೇರು ಕೊಡುತ್ತಾಳೆ. ಅದನ್ನು ಅರೆದು ಬೆರೆಸಿದ ಸಾರು ಕೆಂಪಗೆ ಕುದಿದದ್ದು ಕಂಡು ಹೆದರಿದ ರಾಣಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಅದನ್ನುಂಡ ನಾಗ ರಾತ್ರಿ ಗಂಡನ ರೂಪದಲ್ಲಿ ಅವಳ ಮನೆಗೆ ಬರುತ್ತಾನೆ. ಬೇರು, ವೇಷಾಂತರ, ಪ್ರೇಮ ಎಲ್ಲವೂ ಇವೆ. ನಮ್ಮ ಜಿಲ್ಲೆಯವರೇ ಆದ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಸಿರಿಸಂಪಿಗೆ’ಯಲ್ಲಿ ಹಾವು ಪ್ರಣಯಿ, ಅದಕ್ಕೆ 1991ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರದೇ ‘ಚಕೋರಿ’ಯ ನಾಯಕಿ ಯಕ್ಷಿ. ಇವನ್ನು ಎಂ.ಎ. ತರಗತಿಯಲ್ಲಿ ಭಕ್ತಿಯಿಂದ ಪಾಠ ಮಾಡುವವರೇ, ರಾಯಬಾಗದ ಹುಡುಗಿಯೊಬ್ಬಳು ರಕ್ತ ಕುಡಿಯುವವನನ್ನು ನಾಯಕನನ್ನಾಗಿ ಮಾಡಿ ಬರೆದರೆ ಅಗ್ಗದ್ದು ಎನ್ನುತ್ತಾರೆ. ಬರೆದವರು ಯಾರು, ಓದುವವರು ಯಾರು ಎಂದು ನೋಡಿ ಅಳೆಯುವ ಈ ಚಾಳಿ ಹಳೆಯದು. ತ್ರಿವೇಣಿಯವರ ತಲೆಮಾರಿನ ಲೇಖಕಿಯರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಎಂದು ಮೂಗು ಮುರಿದದ್ದೂ ಇದೇ ಚಾಳಿ.

ಹಿಂದಕ್ಕೆ ಹೋದರೂ ಇವರಿಗೆ ಆಸರೆ ಸಿಗುವುದಿಲ್ಲ. ಪಕ್ಕದ ಮುಧೋಳದ ರನ್ನ ತನ್ನ ಗದಾಯುದ್ಧದ ರಣರಂಗದಲ್ಲಿ ಮರುಳುಗಳನ್ನು ಕುಣಿಸಿದ. ಜನ್ನನ ‘ಯಶೋಧರ ಚರಿತೆ’ (1209) ಶುರುವಾಗುವುದೇ ಚಂಡಮಾರಿಯ ಗುಡಿಯಲ್ಲಿ, ಬಲಿಗೆ ತಂದ ಅಣ್ಣ ತಂಗಿಯರಿಂದ. ರಾತ್ರಿ ಕೇಳಿದ ಹಾಡಿಗೆ ಮರುಳಾಗಿ ಕುರೂಪಿ ಮಾವುತನಿಗೆ ಒಲಿಯುವ ಅಮೃತಮತಿ, ವಿಷ, ಹಿಟ್ಟಿನ ಕೋಳಿಯನ್ನು ಕೊಯ್ದ ಪಾಪಕ್ಕೆ ಜನ್ಮಜನ್ಮಾಂತರದ ಅಲೆದಾಟ. ಶೇಡಬಾಳ, ಉಗಾರ, ಕಾಗವಾಡದ ಜೈನ ಮನೆಗಳಿಗೆ ಇದೇನೂ ಹೊಸತಲ್ಲ. ಪಾರ್ಶ್ವನಾಥನ ಯಕ್ಷಿ ಪದ್ಮಾವತಿಗೆ ಅಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ.

ವಿಚಾರವಾದಿ ಗೆಳೆಯರ ಆತಂಕ ಬೇರೆ ತೂಕದ್ದು. 2013ರಲ್ಲಿ ಪುಣೆಯಲ್ಲಿ ನರೇಂದ್ರ ದಾಭೋಲ್ಕರ್, 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ ಗುಂಡಿಗೆ ಬಲಿಯಾದರು. ಆ ನೋವು ನಮ್ಮದೂ ಹೌದು. ವಾಮಾಚಾರ ತಡೆಯುವ 2017ರ ಕಾಯ್ದೆಯ ಪರವಾಗಿ ನಾವು ಇದ್ದೇವೆ, ಇರುತ್ತೇವೆ. ಆದರೆ ಆ ಕಾಯ್ದೆ ಹಿಡಿಯಬೇಕಾದದ್ದು ಒಂಟಿ ಹೆಂಗಸಿಗೆ ಮಾಟಗಾತಿಯ ಹಣೆಪಟ್ಟಿ ಕಟ್ಟಿ ಹೊಡೆಯುವವರನ್ನು, ಕಥೆ ಹೇಳುವವರನ್ನಲ್ಲ. ಅವಳಿಗೆ ಗಿಡಮೂಲಿಕೆ ಗೊತ್ತು, ಯಾರಿಗೂ ಹೆದರುವುದಿಲ್ಲ, ಅದೇ ಅವಳ ತಪ್ಪು. ಊರು ಅವಳ ಬಾಗಿಲಿಗೆ ಕಲ್ಲು ಎಸೆಯುತ್ತದೆ. ಈ ಕಾದಂಬರಿಗಳಲ್ಲಿ ಅವಳೇ ನಾಯಕಿ. ಅವಳ ಒಳಗಿನಿಂದಲೇ ನಾವು ಊರನ್ನು ನೋಡುತ್ತೇವೆ. ಅವಳ ಮೇಲಿನ ಭಯ ಹೋಗಬೇಕಾದರೆ ಭಾಷಣದ ಜೊತೆಗೆ ಇದೂ ಬೇಕು.

ಇನ್ನು ನಮ್ಮ ಬರಹಗಾರರ ಮೇಲೆ ನಮಗೇ ಇರುವ ತಕರಾರು. ನಮಗೆ ಬರುವ ಹಸ್ತಪ್ರತಿಗಳಲ್ಲಿ ಬಹಳಷ್ಟು ‘ಟ್ವೈಲೈಟ್’ನ ಎಂಜಲು. ಅದೇ ಮಂಜು, ಅದೇ ಕಾಡು, ಬಿಳಿಚಿಕೊಂಡ ಅದೇ ಹುಡುಗ. ಹೆಸರು ಮಾತ್ರ ಆದಿತ್ಯ. ಇಲ್ಲೇನು ಸರಕು ಕಡಿಮೆಯೇ? ತ್ರೀ ಫೇಸ್ ಕರೆಂಟು ನಡುರಾತ್ರಿ ಬರುತ್ತದೆ, ಕಬ್ಬಿಗೆ ನೀರು ಹಾಯಿಸಲು ಹೋದವನ ಕೈಯಲ್ಲಿ ಬ್ಯಾಟರಿ ಒಂದೇ, ಆಳೆತ್ತರದ ಕಬ್ಬಿನೊಳಗೆ ಗರಿ ಸರಿದಾಡಿದ ಸದ್ದಿಗೆ ಅವನು ನಿಲ್ಲುತ್ತಾನೆ. ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಮಹಾರಾಷ್ಟ್ರದಿಂದಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ, ಭಂಡಾರ ಹಾರಿ ಎಲ್ಲರ ಮೈ ಹಳದಿಯಾಗುತ್ತದೆ. ನಿಪ್ಪಾಣಿಯ ಓದುಗರಿಗೆ ಮರಾಠಿಯ ನಾರಾಯಣ ಧಾರಪ, ರತ್ನಾಕರ ಮತ್ಕರಿ ಪರಕೀಯರಲ್ಲ. ಆ ಇಬ್ಬರೂ ಭಯದ ಕಥೆಗೆ ಮರಾಠಿಯಲ್ಲಿ ಮರ್ಯಾದೆ ತಂದರು. ಕನ್ನಡದ ಸಂಪಾದಕರು ಅದನ್ನು ಕಂಡೂ ಕಾಣದಂತೆ ಕೂತರು.

ಬ್ರಾಮ್ ಸ್ಟೋಕರ್‌ನ ಡ್ರಾಕುಲಾ (1897) ಹರಿಯುವ ನೀರನ್ನು ಮನಸ್ಸು ಬಂದಾಗ ದಾಟಲಾರ, ಉಬ್ಬರ ಇಳಿತದ ಹೊತ್ತು ನೋಡಬೇಕು. ನಮ್ಮ ಕೃಷ್ಣೆಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಅಂಥವನೊಬ್ಬ ಯಡೂರಿನ ವೀರಭದ್ರನ ಗುಡಿಯ ಕಡೆಯ ದಂಡೆಯಲ್ಲಿ ಸಿಕ್ಕಿಕೊಂಡು ಆಚೆ ದಡದವಳಿಗೆ ಹಂಬಲಿಸಿದರೆ? 2019ರ ಆಗಸ್ಟಿನ ಹಾಗೆ ಹೊಳೆಯೇ ಊರೊಳಗೆ ನುಗ್ಗಿ ಅವಳ ಮನೆಯನ್ನು ಸುತ್ತುವರಿದರೆ ಅವನೇನು ಮಾಡುತ್ತಾನೆ? ಈ ಪ್ರಶ್ನೆಗೆ ಉತ್ತರಿಸುವ ಕಾದಂಬರಿ ನಮಗೆ ಬೇಕು, ಅದೂ ನಮ್ಮ ಮಾತಿನಲ್ಲಿ. ಅವನು ಪುಸ್ತಕದ ಕನ್ನಡದಲ್ಲಿ ಪ್ರೇಮ ನಿವೇದಿಸುವುದು ಬೇಡ, “ನೀ ಬರ್ತಿ ಏನ?” ಎಂದರೆ ಸಾಕು.

ಮುಂದಿನ ಸಂಚಿಕೆ ಇಂಥ ಕಥನಕ್ಕೆ ಮೀಸಲು. ಕೋಟೆ, ಶವಪೆಟ್ಟಿಗೆ ಬಿಟ್ಟು ಬರೆದು ಕಳಿಸಿ.