ಪರಮವೀರ ಚಕ್ರ

ಹಳಿಯಾಳದಿಂದ ಗೃಹಿಣಿಯೊಬ್ಬರು ನಮಗೆ ಕಾಗದ ಬರೆದು, ಶಾಲೆಯಲ್ಲಿ ಓದುತ್ತಿರುವ ತಮ್ಮ ಮಗನು ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಬಯಸಿದ್ದಾರೆ. ನಮ್ಮ ದೇಶದಲ್ಲಿ ಶೌರ್ಯಕ್ಕಾಗಿ ಸಲ್ಲುವ ಮನ್ನಣೆಗಳಲ್ಲಿ ಎಲ್ಲಕ್ಕೂ ಮೇಲಿನದು ಯಾವುದೆಂಬುದು ಒಂದು. ಅದನ್ನು ನಮ್ಮ ಜಿಲ್ಲೆಯವರು ಯಾರಾದರೂ ಪಡೆದುದುಂಟೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಪರಮವೀರ ಚಕ್ರ. ಎರಡನೆಯದಕ್ಕೆ, ಪಡೆದುದುಂಟು, ಕಾರವಾರ ತಾಲೂಕಿನ ಚೆಂಡಿಯಾ ಗ್ರಾಮದಲ್ಲಿ ಹುಟ್ಟಿದ ರಾಮ ರಾಘೋಬ ರಾಣೆಯವರು. ಇಷ್ಟಕ್ಕೇ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಈ ಉತ್ತರವನ್ನು ಕೇಳಿದ ಹುಡುಗನು ಮರುಕ್ಷಣವೇ ಮೂರನೆಯ ಪ್ರಶ್ನೆಯೊಂದನ್ನು ಹಾಕುವನೆಂಬುದನ್ನು ಬಹುಕಾಲ ಉಪಾಧ್ಯಾಯವೃತ್ತಿಯಲ್ಲಿದ್ದ ನಾವು ಬಲ್ಲೆವು: "ಅವರು ಎಷ್ಟು ಮಂದಿ ಶತ್ರುಗಳನ್ನು ಕೊಂದರು?" ಈ ಮೂರನೆಯ ಪ್ರಶ್ನೆಗಾಗಿಯೇ ಈ ತಿಂಗಳ ಪುಟಗಳನ್ನು ಮೀಸಲಿಡಬೇಕಾಗಿ ಬಂದಿದೆ.

ವೀರರನ್ನು ಗೌರವಿಸುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಮುಂಡಗೋಡ, ಹಳಿಯಾಳಗಳ ಕಡೆಯ ಹಳ್ಳಿಗಳಲ್ಲಿ ಗುಡಿಯ ಅಂಗಳದಲ್ಲೋ ಕೆರೆಯ ಏರಿಯ ಮೇಲೋ ಅರ್ಧ ಮಣ್ಣಿನಲ್ಲಿ ಹೂತು ನಿಂತಿರುವ ವೀರಗಲ್ಲುಗಳನ್ನು ವಾಚಕರು ಕಂಡಿರಬಹುದು. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಮಡಿದವನನ್ನು ಮೇಲಕ್ಕೊಯ್ಯುವ ದೃಶ್ಯ, ಮೇಲೆ ಶಿವಲಿಂಗದ ಸನ್ನಿಧಿ. ಅರಸರ ದೊಡ್ಡ ಯುದ್ಧಗಳಲ್ಲಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳುಂಟು, ನಿಜ. ಆದರೆ ಎಷ್ಟೋ ಕಲ್ಲುಗಳು ತುರುಗೋಳಿನಲ್ಲಿ, ಎಂದರೆ ಪರರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಮರಳಿಸಲು ಹೋಗಿ ಪ್ರಾಣಬಿಟ್ಟವರವು. ಪೆಣ್ಬುಯ್ಯಲಿನಲ್ಲಿ, ಎಂದರೆ ಹೆಂಗಸರ ಮೊರೆಯನ್ನು ಕೇಳಿ ಓಡಿಹೋಗಿ ಬಿದ್ದವರವು. ಅಂಥವನ ಹೆಸರಿನಲ್ಲಿ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆಯೆಂದೂ ಬಾಳ್ಗಚ್ಚೆಂದೂ ಶಾಸನಗಳಲ್ಲಿ ಹೆಸರುಂಟು. ಇವೆಲ್ಲವೂ ಉಳಿಸಲು ಹೋದವರ ಕಲ್ಲುಗಳೆಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸು ಬಾರದು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹತ್ತನೆಯ ಶತಮಾನದ ಕಲ್ಲೊಂದಿತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ ಕಾಲದಲ್ಲಿ ಮಣಲೆರನೆಂಬ ವೀರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯನು, ಬೇಕಾದುದನ್ನು ಬೇಡೆಂದನಂತೆ. ಮಣಲೆರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಎರಡೂ ಸತ್ತವು. ನಾಯಿಗಾಗಿ ಕಲ್ಲನ್ನು ನೆಡಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ದಾಂಡೇಲಿ, ಜೋಯಿಡಾಗಳ ಮಕ್ಕಳಿಗೆ ಕಾಳಿಯೆಂದರೆ ನದಿಯೇ ನೆನಪಾಗುವುದು. ಈ ಕಾಳಿಯ ಕಥೆಯನ್ನೂ ಅವರಿಗೆ ಹೇಳಬೇಕು.

ಇಂಗ್ಲಿಷರ ಕಾಲದಲ್ಲಿ ಕಲ್ಲು ಹೋಗಿ ಪದಕ ಬಂದಿತು. ಈಸ್ಟ್ ಇಂಡಿಯಾ ಕಂಪೆನಿಯು 1837ರಲ್ಲಿ ಭಾರತೀಯ ಸಿಪಾಯಿಗಳಿಗಾಗಿ ಒಂದು ಶೌರ್ಯಪದಕವನ್ನು ಏರ್ಪಡಿಸಿತು. 1856ರಲ್ಲಿ ರಾಣಿ ವಿಕ್ಟೋರಿಯಾಳ ಹೆಸರಿನ ವಿಕ್ಟೋರಿಯಾ ಕ್ರಾಸ್ ಸ್ಥಾಪಿತವಾಯಿತು. ಆದರೆ ಇದು 1911ರವರೆಗೆ ಭಾರತೀಯ ಸಿಪಾಯಿಗೆ ಸಲ್ಲುವಂತಿರಲಿಲ್ಲ. ಒಂದೇ ಕಂದಕದಲ್ಲಿ ನಿಂತು ಒಂದೇ ಗುಂಡಿಗೆ ಎದೆಯೊಡ್ಡಿದವರ ನಡುವೆ ಬಣ್ಣದ ಭೇದವನ್ನೆಣಿಸಿದ ಈ ಏರ್ಪಾಡು ಐವತ್ತೈದು ವರ್ಷ ನಡೆಯಿತು. ಭಾರತೀಯ ಸೈನಿಕರಲ್ಲಿ ಅದನ್ನು ಮೊದಲು ಪಡೆದವನು ಖುದಾದಾದ್ ಖಾನ್. 1914ರ ಅಕ್ಟೋಬರ್ 31ರಂದು ಬೆಲ್ಜಿಯಮ್ ದೇಶದ ರಣರಂಗದಲ್ಲಿ ತೋರಿದ ಧೈರ್ಯಕ್ಕಾಗಿ.

ಭಾರತವು ಗಣರಾಜ್ಯವಾದ 1950ರ ಜನವರಿ 26ರಂದೇ ಪರಮವೀರ, ಮಹಾವೀರ, ವೀರ ಎಂಬ ಮೂರು ಚಕ್ರಗಳು ಸ್ಥಾಪಿತವಾದುವು. 1947ರ ಆಗಸ್ಟ್ 15ರಿಂದ ಮೊದಲ್ಗೊಂಡು ನಡೆದ ಸಾಹಸಗಳಿಗೂ ಅವು ಅನ್ವಯಿಸುವಂತೆ ನಿಯಮಿಸಲಾಯಿತು. ಶತ್ರುವಿನ ಸಮಕ್ಷಮದಲ್ಲಿ ನೆಲ, ಜಲ, ಆಕಾಶಗಳಲ್ಲಿ ತೋರಿದ ಅಸಾಧಾರಣ ಶೌರ್ಯಕ್ಕೆ ಅಥವಾ ಆತ್ಮತ್ಯಾಗಕ್ಕೆ ಪರಮವೀರ ಚಕ್ರವು ಸಲ್ಲತಕ್ಕದ್ದು. ಸೇನಾಪತಿಯಿಂದ ಸಾಮಾನ್ಯ ಸಿಪಾಯಿಯವರೆಗೆ ಮೇಲುಕೀಳಿಲ್ಲ, ಸ್ತ್ರೀಪುರುಷ ಭೇದವಿಲ್ಲ, ಸೈನ್ಯದೊಡನೆ ಶುಶ್ರೂಷೆಗೆ ನಿಂತ ದಾದಿಯೂ ಅದಕ್ಕೆ ಅರ್ಹಳು. ಪದಕವು ಕಂಚಿನದು, ಅಡ್ಡಳತೆ ಸುಮಾರು 3.5 ಸೆಂಟಿಮೀಟರು, ಪಟ್ಟಿಯ ಬಣ್ಣ ನೇರಳೆ.

ಈ ಪದಕದ ರೂಪವನ್ನು ಕಲ್ಪಿಸಿದವರು ಒಬ್ಬ ಸ್ತ್ರೀ. ಹಂಗೇರಿಯ ತಂದೆಗೂ ರಷ್ಯದ ತಾಯಿಗೂ ಮಗಳಾಗಿ 1913ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಈಕೆಯು, ಭಾರತೀಯ ಸೈನ್ಯದ ಅಧಿಕಾರಿ ವಿಕ್ರಮ ಖಾನೋಳಕರರನ್ನು 1932ರಲ್ಲಿ ವಿವಾಹವಾಗಿ ಸಾವಿತ್ರೀಬಾಯಿಯಾದರು. ಸಂಸ್ಕೃತವನ್ನು ಕಲಿತರು, ಪುರಾಣಗಳನ್ನೂ ವೇದಾಂತವನ್ನೂ ಅಭ್ಯಾಸಮಾಡಿದರು. ಪದಕದ ನಡುವಿನ ರಾಜಮುದ್ರೆಯ ಸುತ್ತಲೂ ನಾಲ್ಕು ವಜ್ರಾಯುಧಗಳನ್ನು ಅವರು ಚಿತ್ರಿಸಿದರು. ಇಂದ್ರನ ವಜ್ರವೆಂದೊಡನೆ ಶತ್ರುಸಂಹಾರದ ಆಯುಧವೆಂದು ನಾವೆಲ್ಲರೂ ತಿಳಿಯುವೆವು. ಅದು ಎಲ್ಲಿಂದ ಬಂದಿತು? ವೃತ್ರನನ್ನು ಗೆಲ್ಲಲಾರದ ದೇವತೆಗಳು ದಧೀಚಿಮಹರ್ಷಿಯ ಬಳಿಗೆ ಹೋಗಿ ಅವನ ಎಲುಬುಗಳನ್ನೇ ಬೇಡಿದರು. ಮುನಿಯು ದೇಹವನ್ನು ತ್ಯಜಿಸಿದನು. ಆ ಎಲುಬಿನಿಂದ ಆದುದು ವಜ್ರ. ಭಾಗವತದ ಆರನೆಯ ಸ್ಕಂಧದಲ್ಲಿ ಇದರ ವಿಸ್ತಾರವುಂಟು. ಆದುದರಿಂದ ಪರಮವೀರನ ಎದೆಯ ಮೇಲೆ ತೂಗುವುದು ಇಂದ್ರನ ಗೆಲವಿಗಿಂತ ಹೆಚ್ಚಾಗಿ ದಧೀಚಿಯ ದಾನ. ಎಲ್ಲಿಯೋ ಹುಟ್ಟಿದ ಹೆಣ್ಣುಮಗಳಿಗೆ ಈ ಸೂಕ್ಷ್ಮವು ಹೊಳೆದುದನ್ನು ನೆನೆದರೆ ನಮಗೆ ಆಶ್ಚರ್ಯವೂ ಸಂತೋಷವೂ ಆಗುತ್ತದೆ. ವಜ್ರದ ರೂಪವನ್ನು ಕಣ್ಣಾರೆ ನೋಡಬಯಸುವವರು ದೂರ ಹೋಗಬೇಕಾದುದಿಲ್ಲ. 1966ರಲ್ಲಿ ಮುಂಡಗೋಡದ ಬಳಿ ನೆಲೆಗೊಳ್ಳತೊಡಗಿದ ಟಿಬೆಟಿನವರ ಮಠಗಳಲ್ಲಿ, ಪೂಜೆಯ ವೇಳೆ ಲಾಮಾಗಳು ಬಲಗೈಯಲ್ಲಿ ಹಿಡಿಯುವ ಹಿತ್ತಾಳೆಯ ಚಿಕ್ಕ ಉಪಕರಣವು ವಜ್ರವೇ. ಅವರ ಭಾಷೆಯಲ್ಲಿ ದೋರ್ಜೆ.

ಮೊದಲ ಚಕ್ರವು ಸಂದುದು ಮೇಜರ್ ಸೋಮನಾಥ ಶರ್ಮರಿಗೆ, 1947ರ ನವೆಂಬರ್ 3ರಂದು ಬದ್ಗಾಮಿನಲ್ಲಿ ಮಡಿದುದಕ್ಕಾಗಿ. ಅವರು ಸಾವಿತ್ರೀಬಾಯಿಯವರ ಅಳಿಯನ ಅಣ್ಣನೇ ಆಗಿದ್ದುದು ದೈವಯೋಗವೆನ್ನಬೇಕು.

ಇನ್ನು ರಾಣೆಯವರ ವಿಷಯ. ಅವರು ಹುಟ್ಟಿದುದು 1918ರ ಜೂನ್ 26ರಂದು, ಮನೆಮಾತು ಕೊಂಕಣಿ. ತಂದೆಯು ಪೊಲೀಸ್ ಚಾಕರಿಯಲ್ಲಿದ್ದುದರಿಂದ ವರ್ಗವಾದಂತೆಲ್ಲ ಹುಡುಗನ ಶಾಲೆಯೂ ಬದಲಾಗುತ್ತಿತ್ತು. 1930ರ ಸುಮಾರಿಗೆ ಗಾಂಧೀಜಿಯವರ ಚಳವಳಿಯ ಗಾಳಿಯು ಹನ್ನೆರಡರ ಬಾಲಕನಿಗೆ ತಾಕಲು, ತಂದೆಯು ಹೆದರಿ ಸಂಸಾರವನ್ನು ಚೆಂಡಿಯಾಕ್ಕೆ ಮರಳಿ ತಂದರೆಂದು ತಿಳಿದುಬರುತ್ತದೆ. ಸರಕಾರದ ಅನ್ನವನ್ನುಣ್ಣುವ ಗೃಹಸ್ಥನ ಕಷ್ಟವನ್ನು ಬಲ್ಲವರು ಆ ತಂದೆಯನ್ನು ಆಡಿಕೊಳ್ಳಲಾರರು. ನಮ್ಮ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1940ರ ಜುಲೈ ತಿಂಗಳಲ್ಲಿ ತರುಣನು ಸೇರಿದುದೂ ಬಾಂಬೆ ಎಂಜಿನಿಯರ್ಸ್ ಎಂಬ ಪಡೆಯನ್ನೇ. ಬರ್ಮಾದ ಯುದ್ಧದಲ್ಲಿ, ಹಿಮ್ಮೆಟ್ಟುತ್ತಿದ್ದ ಸೈನ್ಯದ ಹಿಂದೆ ಉಳಿದು ಬುತಿಡಾಂಗಿನ ಮದ್ದುಗುಂಡಿನ ಸಂಗ್ರಹವನ್ನು ಸುಡುವ ಕೆಲಸವು ಅವರ ತುಕಡಿಯ ಪಾಲಿಗೆ ಬಂದಿತ್ತು. ಕೆಲಸ ಮುಗಿದರೂ ಕರೆದೊಯ್ಯಬೇಕಾಗಿದ್ದ ಹಡಗು ಬರಲಿಲ್ಲ. ಜಪಾನೀಯರ ಕಾವಲನ್ನು ತಪ್ಪಿಸಿ ತಾವೇ ಹೊಳೆಯನ್ನು ದಾಟಿ ತಮ್ಮವರನ್ನು ಕೂಡಿಕೊಂಡರು. 1947ರ ಡಿಸೆಂಬರಿನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು.

ಆಗ ಕಾಶ್ಮೀರದ ಯುದ್ಧವು ನಡೆಯುತ್ತಿತ್ತು. ರಾಜೌರಿ ಪಟ್ಟಣವು ಹಿಂದಿನ ನವೆಂಬರಿನಿಂದ ದಾಳಿಕಾರರ ವಶದಲ್ಲಿದ್ದಿತು. ಅಲ್ಲಿ ಸಿಕ್ಕಿಕೊಂಡಿದ್ದ ಜನರ ಪಾಡು ಹೇಳತೀರದಾಗಿತ್ತು. ನೌಶೇರದಿಂದ ರಾಜೌರಿಗೆ ಹೋಗುವುದು ಬೆಟ್ಟದ ದಾರಿ. ಟ್ಯಾಂಕುಗಳು ಅದರಲ್ಲಿ ಸಾಗದಂತೆ ಶತ್ರುಗಳು ಪೈನ್ ಮರಗಳನ್ನು ಕಡಿದು ಅಡ್ಡಗೆಡವಿದ್ದರು, ಮೋರಿಗಳನ್ನು ಸಿಡಿಸಿದ್ದರು, ನೆಲದಲ್ಲಿ ಮೈನುಗಳೆಂಬ ಸಿಡಿಗುಂಡುಗಳನ್ನು ಹೂತಿದ್ದರು. ಇವನ್ನೆಲ್ಲ ತೆಗೆದು ದಾರಿಮಾಡಿಕೊಡುವ ತಂಡಕ್ಕೆ ರಾಣೆಯವರು ನಾಯಕರು.

1948ರ ಏಪ್ರಿಲ್ 8, ಬೆಳಗಿನ 11 ಗಂಟೆ. ಕೆಲಸವನ್ನಾರಂಭಿಸುವ ಮೊದಲೇ ಮಾರ್ಟರ್ ಗುಂಡುಗಳು ಬಿದ್ದು ತಂಡದಲ್ಲಿ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಗಾಯಗೊಂಡವರಲ್ಲಿ ರಾಣೆಯವರೂ ಒಬ್ಬರು. ಅವರು ಉಳಿದವರನ್ನು ಕೂಡಿಸಿಕೊಂಡು ಕೆಲಸಕ್ಕೆ ನಿಂತರು. ಸಂಜೆ ಬರ್ವಾಲಿಯ ದಿಣ್ಣೆಯು ನಮ್ಮವರ ವಶವಾದ ಮೇಲೆ, ಸುತ್ತಲೂ ಶತ್ರುಗಳು ಇನ್ನೂ ಇದ್ದಾರೆಂದು ತಿಳಿದೂ ಮುಂದೆ ಹೋಗಿ, ಟ್ಯಾಂಕುಗಳಿಗಾಗಿ ಬಳಸುದಾರಿಯೊಂದನ್ನು ರಾತ್ರಿ 10ರವರೆಗೆ ಕಡಿದರು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಆರಂಭ. ಮಧ್ಯಾಹ್ನ 3ಕ್ಕೆ ದಾರಿ ಸಿದ್ಧವಾಯಿತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಅಡ್ಡಬಿದ್ದ ಮರಗಳು. ಸಿಡಿಮದ್ದಿಟ್ಟು ಅವನ್ನು ಹಾರಿಸಿದರು. ಮುನ್ನೂರು ಗಜ ದಾಟಿದರೆ ಮತ್ತೆ ಅದೇ. ಅದರಾಚೆ ಒಡೆದ ಮೋರಿ. ಕತ್ತಲಾಗುವ ಹೊತ್ತಿಗೆ ಐದು ದೊಡ್ಡ ಮರಗಳ ಅಡ್ಡಿ, ಅವುಗಳ ಸುತ್ತ ಮೈನುಗಳು, ಮೇಲಿನಿಂದ ಮೆಷಿನ್‌ಗನ್ನಿನ ಮಳೆ.

ಮಳೆಗಾಲದಲ್ಲಿ ಜೋಯಿಡಾದ ಕಾಡುದಾರಿಯಲ್ಲಿ ಒಂದೇ ಒಂದು ಮರ ಬಿದ್ದರೆ ಬಸ್ಸು ಎಷ್ಟು ಹೊತ್ತು ನಿಲ್ಲುವುದೆಂಬುದು ನಮ್ಮ ವಾಚಕರಿಗೆ ಗೊತ್ತು. ದಾಂಡೇಲಿಯ ಡಿಪೋದಲ್ಲಿ ದಿಮ್ಮಿಗಳನ್ನು ಕಂಡವರಿಗೆ ಮರದ ತೂಕವೂ ಗೊತ್ತು. ಅದರ ಮೇಲೆ ಗುಂಡಿನ ಸುರಿಮಳೆಯನ್ನೂ, ಮೈಮೇಲಿನ ಗಾಯವನ್ನೂ ಕೂಡಿಸಿ ನೋಡಬೇಕು.

ಹತ್ತನೆಯ ತಾರೀಖು ಮುಂಜಾನೆ 4-45ಕ್ಕೆ ಆ ಮರಗಳಿಗೆ ಕೈಹಚ್ಚಿ 6-30ಕ್ಕೆ ತೆರವು ಮಾಡಿದರು. ಅಲ್ಲಿಂದ ಸಾವಿರ ಗಜ ಬರಿಯ ಅಡ್ಡಿಗಳೇ. 10-30ಕ್ಕೆ ಅವೂ ಮುಗಿದುವು. ಟ್ಯಾಂಕುಗಳು ತಾವಿ ಹೊಳೆಯ ಪಾತ್ರಕ್ಕಿಳಿದು ಮಧ್ಯಾಹ್ನ ಚಿಂಗಸನ್ನು ಮುಟ್ಟಿದುವು. ಟ್ಯಾಂಕು ಮುಟ್ಟಿತೆಂದು ರಾಣೆಯವರು ಕುಳಿತುಕೊಳ್ಳಬಹುದಾಗಿತ್ತು. ಆದರೆ ಹಿಂದಿನಿಂದ ಅನ್ನವೂ ಔಷಧವೂ ಬರಬೇಕಾದರೆ ರಸ್ತೆಯೇ ಬೇಕು. ಊಟವಿಲ್ಲದೆ ವಿಶ್ರಾಂತಿಯಿಲ್ಲದೆ ರಾತ್ರಿ 9ರವರೆಗೆ ಕೆಲಸ; ಹನ್ನೊಂದರಂದು ಬೆಳಿಗ್ಗೆ 6ರಿಂದ ಮತ್ತೆ ಮೊದಲು. 11 ಗಂಟೆಗೆ ಚಿಂಗಸಿನವರೆಗೆ ರಸ್ತೆ ತೆರೆಯಿತು. ಆ ರಾತ್ರಿ 10ರವರೆಗೂ ಅದರಾಚೆಯ ರಸ್ತೆಯಲ್ಲಿ ಅವರ ಕೈ ನಿಲ್ಲಲಿಲ್ಲ. ಹನ್ನೆರಡರಂದು ನಮ್ಮ ಸೈನ್ಯವು ರಾಜೌರಿಯನ್ನು ಹೊಕ್ಕಿತು. ಮೈನುಗಳಿದ್ದೆಡೆಯಲ್ಲಿ ಅವರು ಚಲಿಸುವ ಟ್ಯಾಂಕಿನ ಅಡಿಯಲ್ಲೇ ತೆವಳುತ್ತ, ಹಗ್ಗವನ್ನೆಳೆದು ಮೇಲಿನ ಚಾಲಕನಿಗೆ ಸನ್ನೆಮಾಡುತ್ತ ಸಾಗಿದರೆಂಬ ಕಥೆಯೂ ಪ್ರಸಿದ್ಧವಾಗಿದೆ.

ಈ ಸಾಹಸವನ್ನು ವರ್ಣಿಸುವ ಸರಕಾರದ ಪ್ರಶಸ್ತಿಪತ್ರವನ್ನು ನಾವು ಗಮನವಿಟ್ಟು ಓದಿದ್ದೇವೆ. ಅದರಲ್ಲಿ ಗಂಟೆಗಳ ಲೆಕ್ಕವಿದೆ, ಗಜಗಳ ಲೆಕ್ಕವಿದೆ, ಮರಗಳ ಲೆಕ್ಕವೂ ಇದೆ. ರಾಣೆಯವರ ಕೈಯಿಂದ ಸತ್ತ ಶತ್ರುಗಳ ಲೆಕ್ಕ ಮಾತ್ರ ಇಲ್ಲ. ಮೂರನೆಯ ಪ್ರಶ್ನೆಗೆ ಇದೇ ಉತ್ತರ. ಎದುರುಬದುರು ಹೋರಾಡಿ ಶತ್ರುಗಳನ್ನು ಕೆಡಹಿದ ವೀರರಿಗೂ ಈ ಚಕ್ರವು ಸಂದಿದೆ. ಅವರ ಹಿರಿಮೆಯನ್ನು ಕಡಮೆ ಮಾಡುವ ಉದ್ದೇಶ ನಮಗಿಲ್ಲ. ನಮ್ಮ ಆಲಂಕಾರಿಕರು ವೀರರಸವನ್ನು ಹೇಳುವಾಗ ದಾನವೀರ, ಧರ್ಮವೀರ, ಯುದ್ಧವೀರ, ದಯಾವೀರರೆಂದು ನಾಲ್ವರನ್ನು ಎಣಿಸಿದರು. ಈಚೆಗೆ ಮನೆಗಳಲ್ಲಿ ಪರದೆಯ ಮೇಲೆ ಮಕ್ಕಳು ನೋಡುವ ಕಥೆಗಳಲ್ಲಿ ಮೂರನೆಯವನೊಬ್ಬನೇ ಉಳಿದಿದ್ದಾನೆ, ಅವನೂ ಬಂದೂಕಿನ ಹಿಂದೆ ಅರ್ಧ ಮರೆಯಾಗಿದ್ದಾನೆ. ಮಗುವು ವೀರನನ್ನು ಹೆಣಗಳ ಸಂಖ್ಯೆಯಿಂದ ಅಳೆಯಲು ಕಲಿತುದು ನಮ್ಮ ಮನೆಗಳಲ್ಲಿಯೇ ಎಂಬುದನ್ನು ತಂದೆತಾಯಂದಿರು ಒಪ್ಪಿಕೊಳ್ಳಬೇಕಾಗುತ್ತದೆ.

ಇದುವರೆಗೆ ಈ ಚಕ್ರವನ್ನು ಪಡೆದವರು 21 ಮಂದಿ. ಅವರಲ್ಲಿ 14 ಮಂದಿಗೆ ಅದು ಮರಣೋತ್ತರವಾಗಿ ಸಂದಿತು. ಬದುಕಿ ಪಡೆದ ಏಳು ಮಂದಿಯಲ್ಲಿ, ಸಾಹಸದ ದಿನಾಂಕವನ್ನು ಹಿಡಿದು ನೋಡಿದರೆ, ರಾಣೆಯವರೇ ಮೊದಲಿಗರು. ವೀರಗಲ್ಲಿನ ವೀರನಿಗೆ ಕಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಸ್ವರ್ಗವಿತ್ತು. ಬದುಕಿದ ವೀರನಿಗಾದರೋ ಮರುದಿನದ ಚಾಕರಿ ಇತ್ತು. ರಾಣೆಯವರು ಒಟ್ಟು 28 ವರ್ಷ ಸೇವೆಮಾಡಿ, 1968ರಲ್ಲಿ ಮೇಜರ್ ಪದವಿಯಿಂದ ನಿವೃತ್ತರಾಗಿ, 1994ರ ಜುಲೈ 11ರಂದು ಪುಣೆಯಲ್ಲಿ ತೀರಿಕೊಂಡರು. ಅವರು ಬದುಕಿದ್ದಾಗಲೇ, 1984ರಲ್ಲಿ, ಶಿಪ್ಪಿಂಗ್ ಕಾರ್ಪೊರೇಶನ್ನಿನ ಎಣ್ಣೆಹಡಗೊಂದು ಅವರ ಹೆಸರನ್ನು ಹೊತ್ತು ಕಡಲಿಗಿಳಿದಿತ್ತು. ಇಪ್ಪತ್ತೈದು ವರ್ಷ ದುಡಿದು ಅದೂ ನಿವೃತ್ತವಾಯಿತು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಈ 21 ವೀರರ ಹೆಸರುಗಳನ್ನಿಟ್ಟಾಗ ಒಂದು ದ್ವೀಪವು ರಾಣೆಯವರ ಪಾಲಿಗೆ ಬಂದಿತು.

ಸೂಪಾದ ಅಣೆಕಟ್ಟಿನಿಂದಿಳಿದು ದಾಂಡೇಲಿಯನ್ನು ಹಾಯುವ ಕಾಳೀನದಿಯು ಕಡಲನ್ನು ಸೇರುವ ಕಾರವಾರದಲ್ಲಿಯೇ, ರವೀಂದ್ರನಾಥ ಟಾಗೋರರ ಹೆಸರಿನ ಕಡಲತೀರದಲ್ಲಿ, 2006ರ ನವೆಂಬರ್ 7ರಂದು ಅನಾವರಣಗೊಂಡ ಅವರ ಪ್ರತಿಮೆ ಇದೆ. ಪಕ್ಕದಲ್ಲಿ ಚಪಲವೆಂಬ ಯುದ್ಧನೌಕೆಯನ್ನು ದಡಕ್ಕೆ ತಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ. ಮಕ್ಕಳು ಹಡಗಿನ ಕಡೆಗೆ ಓಡುವುದು ಸಹಜ, ಓಡಲಿ. ಪ್ರತಿಮೆಯು ಅದರ ಮಗ್ಗುಲಲ್ಲೇ ಇದೆ.