ತಾಯಿಯ ಪಾಸುಬುಕ್ಕು

ಧಾರವಾಡದಿಂದ ಬೆಳಗಾವಿಯ ಹೆದ್ದಾರಿ ಹಿಡಿದರೆ ಬೇಲೂರು ಕೈಗಾರಿಕಾ ಪ್ರದೇಶ ಎದುರಾಗುತ್ತದೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ರವಿವಾರ ಮನೆಗೆ ಬಂದಿದ್ದ. ಚಹಾ ಮುಗಿಯುವ ಮೊದಲೇ ಮನಸ್ಸಿನ ಅಳುಕು ಹೊರಬಿದ್ದಿತು.

“ಸರ, ಅವ್ವನ ಖಾತೇದಾಗ ನನ್ನವು 40,000 ರೂಪಾಯಿ ಇಟ್ಟೇನ್ರಿ. ಆಕಿ ಪಿಂಚಣಿ ನಿಂತೀತೇನ್ರಿ?”

ತನ್ನ ಕೈಯಲ್ಲಿದ್ದರೆ ಖರ್ಚಾದೀತೆಂದು, ಓವರ್‌ಟೈಮ್ ಗಳಿಕೆಯನ್ನೆಲ್ಲ ಆತ ತಾಯಿಯ ಹೆಸರಿನಲ್ಲಿ ಕೂಡಿಡುತ್ತಿದ್ದನಂತೆ. ಎಪ್ಪತ್ತರ ಆ ತಾಯಿಗೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1200 ರೂಪಾಯಿ ಅದೇ ಖಾತೆಗೆ ಬರುತ್ತದೆ.

65 ವರ್ಷ ಮೀರಿದ ಬಡವರಿಗಾಗಿ ಕರ್ನಾಟಕ ಸರಕಾರವು 2007ರಲ್ಲಿ ಈ ಯೋಜನೆಯನ್ನು ಆರಂಭಿಸಿತು. ಪ್ರಾಯಕ್ಕೆ ಬಂದ ಮಕ್ಕಳ ಆದಾಯವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಔದಾರ್ಯ ಅದರಲ್ಲಿತ್ತು. ಆದರೆ ದಂಪತಿಗಳ ಠೇವಣಿ 10,000 ರೂಪಾಯಿ ಮೀರಬಾರದೆಂಬ ಕಟ್ಟಳೆಯೂ ಇತ್ತು. ಮಗನ ಗಳಿಕೆ ತಾಯಿಯ ಅರ್ಹತೆಗೆ ಅಡ್ಡ ಬಾರದು. ಅದೇ ಹಣ ತಾಯಿಯ ಹೆಸರಿನಲ್ಲಿ ಕುಳಿತರೆ ಮಾತ್ರ ನೋಡುವವರ ಕಣ್ಣಿಗೆ ಅದು ತಾಯಿಯ ಆಸ್ತಿಯೇ!

“ನಿನ್ನ ಹಣ ನಿನ್ನ ಖಾತೆಯಲ್ಲಿರಲಿ, ಅವ್ವನದು ಅವ್ವನ ಖಾತೆಯಲ್ಲಿರಲಿ. ಆಕೆಗಾಗಿ ಮಾಡಿದ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡು. ಈಗಿನ ಮಿತಿಯನ್ನು ತಹಶೀಲ್ದಾರರ ಕಚೇರಿಯಲ್ಲಿ ಕೇಳಿ, ಇದ್ದದ್ದನ್ನು ಇದ್ದಂತೆ ಹೇಳು,” ಎಂದೆ.

ಆತನ ಮುಖ ಹಗುರಾಯಿತು. ಸುಮ್ಮನಿರಲಾರದೆ ನಾನು ಕೇಳಿದೆ: “ತನ್ನ ಹಣ ಎಷ್ಟು ಉಳಿದಿದೆಯೆಂದು ಅವ್ವನಿಗೆ ಗೊತ್ತೇ?”

“ಇಲ್ರಿ. ಆಕಿ ಕೇಳೂದೂ ಇಲ್ರಿ.”

“ಕೇಳುವುದಿಲ್ಲವೋ, ಕೇಳಲು ಅಂಜುತ್ತಾಳೋ?”

ಆತ ತಲೆ ತಗ್ಗಿಸಿದ. ಯುಗಾದಿಗೆ ಮೊಮ್ಮಗಳಿಗೆ ಬಳೆ ಕೊಡಿಸಲು ಆಕೆ ನೂರು ರೂಪಾಯಿ ಬೇಡಿದ್ದಳಂತೆ. “ಈಗ್ಯಾಕ ಬೇ?” ಎಂದು ಈತ ಅಂದಿದ್ದನಂತೆ. ಬೇಡಿದ್ದು ತನ್ನದೇ ಹಣವನ್ನು!

ಆತ ಹೋದ ಮೇಲೆ ನನಗೆ ಊಟ ರುಚಿಸಲಿಲ್ಲ. ನಮ್ಮ ತಂದೆಯವರ ಪಾಸುಬುಕ್ಕೂ ಮೂರು ವರ್ಷಗಳಿಂದ ನನ್ನ ಕಪಾಟಿನಲ್ಲಿಯೇ ಇತ್ತು. ಅವರ ಔಷಧಕ್ಕೆ, ಬಟ್ಟೆಗೆ ನಾನೆಂದೂ ಕಡಿಮೆ ಮಾಡಿದವನಲ್ಲ. ಲೆಕ್ಕವನ್ನು ಮಾತ್ರ ಒಮ್ಮೆಯೂ ಒಪ್ಪಿಸಿದವನಲ್ಲ. ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯೆಂದು ವಿಧಿಸಿದ ಕೇಂದ್ರದ ಕಾಯಿದೆಯೂ 2007ರದೇ. ಕಾಯಿದೆ ಅನ್ನವನ್ನು ಕೊಡಿಸೀತು. ಮಗನನ್ನು ಲೆಕ್ಕ ಕೇಳುವ ಧೈರ್ಯವನ್ನು ಕೊಡಿಸಲಾರದು. ಅದನ್ನು ನಾವೇ ಕೊಡಬೇಕು.

ಪುಸ್ತಕವನ್ನು ತಂದು ತಂದೆಯವರ ಕೈಯಲ್ಲಿಟ್ಟೆ. ಅವರು ಕನ್ನಡಕ ಏರಿಸಿ, ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಕೊನೆಯವರೆಗೂ ಓದಿದರು. ತಪ್ಪು ಹುಡುಕಲಿಲ್ಲ, ಏನನ್ನೂ ಕೇಳಲಿಲ್ಲ. ಪುಸ್ತಕವನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಇಷ್ಟೇ ಎಂದರು:

“ಈ ತಿಂಗಳ ಹಾಲಿನ ಲೆಕ್ಕ ನಾ ಕೊಡತೇನಿ, ತಮ್ಮಾ.”

ಬಹುದಿನಗಳ ಮೇಲೆ ಆ ದನಿಯಲ್ಲಿ ಮನೆಯ ಯಜಮಾನನನ್ನು ಕೇಳಿದೆ.